ಬೂಕರ್ ವಾಷಿಂಗ್ಟನ್ನರ ವಿದ್ಯಾಋಣ

ವಿದ್ಯೆಯು ಎಲ್ಲ ಧನಗಳಲ್ಲಿಯೂ ಮಿಗಿಲಾದ ಧನವೆಂದು ಪ್ರಾಜ್ಞರು ಹೇಳುತ್ತ ಬಂದಿದ್ದಾರೆ. ಆದರೆ ಆ ಧನವನ್ನು ಸಂಪಾದಿಸುವುದಕ್ಕೆ ಮೊದಲು ಬೇರೊಂದು ಬಗೆಯ ಧನವು ಕೈಯಲ್ಲಿರಬೇಕೆಂಬ ಸಂಗತಿಯನ್ನು ಬಡವರ ಮನೆಯ ಮಕ್ಕಳು ಬಲ್ಲಷ್ಟು ಪ್ರಾಜ್ಞರೂ ಬಲ್ಲವರಲ್ಲ. ಬೋಧನಶುಲ್ಕ ಬೇಕು, ಎರಡು ಹೊತ್ತಿನ ಊಟ ಬೇಕು, ಮಲಗಲು ಸ್ಥಳ, ಉಡಲು ಬಟ್ಟೆ, ಓದಲು ಪುಸ್ತಕ ಬೇಕು. ಇವುಗಳಲ್ಲಿ ಯಾವುದನ್ನು ದಾನಿಯು ಕೊಡಬೇಕು, ಯಾವುದನ್ನು ವಿದ್ಯಾರ್ಥಿಯು ದುಡಿದು ತೀರಿಸಬೇಕು, ಯಾವುದನ್ನು ಸಾಲವೆಂದು ಬರೆದಿಡಬೇಕು ಎಂಬುದು ಖಾಸಗಿ ವಿದ್ಯಾಸಂಸ್ಥೆಗಳೆಲ್ಲದರ ಮುಂದಿರುವ ಪ್ರಶ್ನೆ. ಅಮೆರಿಕೆಯ ಕರಿಯ ಜನಾಂಗದ ನಾಯಕರೂ ಟಸ್ಕೀಗಿ ವಿದ್ಯಾಸಂಸ್ಥೆಯ ನಿರ್ಮಾಪಕರೂ ಆದ ಬೂಕರ್ ಟಿ. ವಾಷಿಂಗ್ಟನ್ನರು ಈ ಪ್ರಶ್ನೆಯ ಎರಡು ಬದಿಗಳಲ್ಲಿಯೂ ನಿಂತವರು. ಮೊದಲು ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಯಾಗಿ ನಿಂತರು; ಅನಂತರ ಅಂಥ ವಿದ್ಯಾರ್ಥಿಗಳು ಬಂದು ಬಾಗಿಲು ತಟ್ಟಿದ ಶಾಲೆಯ ಮುಖ್ಯಸ್ಥರಾಗಿ ನಿಂತರು.

1856ರ ಸುಮಾರಿಗೆ ವರ್ಜೀನಿಯಾ ರಾಜ್ಯದ ಫ್ರ್ಯಾಂಕ್ಲಿನ್ ಕೌಂಟಿಯ ಒಂದು ತೋಟದಲ್ಲಿ, ಅಡಿಗೆಮನೆಯೂ ವಾಸದ ಮನೆಯೂ ಒಂದೇ ಆಗಿದ್ದ ಗುಡಿಸಲಿನಲ್ಲಿ ಅವರ ಜನನವಾಯಿತು. ತಾಯಿ ಜೇನ್ ಆ ತೋಟದ ಅಡಿಗೆಯವಳು. ಒಡೆಯನ ಸ್ವತ್ತಾಗಿದ್ದ ಗುಲಾಮಸ್ತ್ರೀ. ತಂದೆಯು ಬಿಳಿಯನೆಂಬುದಲ್ಲದೆ ಆತನ ವಿಷಯವೇನೂ ಮಗನಿಗೆ ತಿಳಿಯಲಿಲ್ಲ. 1861ರಲ್ಲಿ ಒಡೆಯನು ಮೃತನಾದಾಗ ಆತನ ಆಸ್ತಿಯ ಪಟ್ಟಿಯನ್ನು ಮಾಡಿದರು. ಆ ಪಟ್ಟಿಯಲ್ಲಿ ಬಾಲಕ ಬೂಕರನ ಹೆಸರೂ ಸೇರಿತ್ತು; ಹೆಸರಿನ ಎದುರಿಗೆ 400 ಡಾಲರು ಎಂದು ಬೆಲೆ ಬರೆದಿತ್ತು. ಒಡೆಯನ ಮನೆಯ ಹುಡುಗಿಯ ಪುಸ್ತಕಗಳನ್ನು ಶಾಲೆಯ ಬಾಗಿಲವರೆಗೆ ಹೊತ್ತು ಅಲ್ಲಿಂದಲೇ ಹಿಂದಿರುಗುವುದಷ್ಟೇ ಅವನ ಪಾಲಿಗೆ ಬಂದ ಶಾಲೆ.

1865ರಲ್ಲಿ ಅಂತರ್ಯುದ್ಧವು ಮುಗಿದು ಗುಲಾಮರಿಗೆ ಬಿಡುಗಡೆಯಾಯಿತು. ತಾಯಿಯು ಮಕ್ಕಳೊಡನೆ ವೆಸ್ಟ್ ವರ್ಜೀನಿಯಾದ ಮಾಲ್ಡನ್ ಎಂಬ ಊರಿಗೆ ಬಂದಳು. ಅಲ್ಲಿ ಮಲತಂದೆಗೆ ಉಪ್ಪಿನ ಭಟ್ಟಿಯಲ್ಲಿ ಕೆಲಸ. ಹುಡುಗನೂ ಅದೇ ಕೆಲಸಕ್ಕೆ ಸೇರಬೇಕಾಯಿತು. ಮುಂದೆ ಕಲ್ಲಿದ್ದಲ ಗಣಿಗೂ ಇಳಿದನು. ರಾತ್ರಿಯ ಹೊತ್ತು ಪಾಠ ಹೇಳಿಸಿಕೊಂಡು, ಕೆಲವು ಕಾಲ ಬೆಳಗಿನ ಜಾವದಿಂದ ದುಡಿದು ಹಗಲು ಶಾಲೆಗೆ ಓಡಿ, ಅಕ್ಷರಗಳನ್ನು ಕಲಿತನು. ಶಾಲೆಯಲ್ಲಿ ಮನೆತನದ ಹೆಸರನ್ನು ಕೇಳಿದಾಗ ಹೇಳಲು ಹೆಸರೇ ಇರಲಿಲ್ಲವಾಗಿ ವಾಷಿಂಗ್ಟನ್ ಎಂದು ತಾನೇ ಹೇಳಿಬಿಟ್ಟನು. ಗಣಿಯ ಕತ್ತಲಲ್ಲಿ ಒಂದು ದಿನ ಇಬ್ಬರು ಕೂಲಿಗಳು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುತ್ತಿದ್ದುದು ಅವನ ಕಿವಿಗೆ ಬಿದ್ದಿತು. ವರ್ಜೀನಿಯಾದಲ್ಲಿ ಕರಿಯರಿಗಾಗಿ ದೊಡ್ಡ ಶಾಲೆಯೊಂದಿದೆ. ಅಲ್ಲಿ ಯೋಗ್ಯರಾದ ಬಡ ವಿದ್ಯಾರ್ಥಿಗಳು ಊಟದ ವೆಚ್ಚವನ್ನು ದುಡಿದು ತೀರಿಸಬಹುದು. ಆ ಶಾಲೆಯು ಎಲ್ಲಿದೆ, ಎಷ್ಟು ದೂರ ಎಂಬುದೊಂದೂ ತಿಳಿಯದಿದ್ದರೂ ಅಲ್ಲಿಗೆ ಹೋಗಬೇಕೆಂಬ ನಿಶ್ಚಯವು ಅಂದೇ ಆಯಿತು. ದುಡಿದು ತೀರಿಸಬಹುದೆಂಬ ಆ ಒಂದು ಮಾತು ಕಿವಿಗೆ ಬೀಳದಿದ್ದರೆ ಶಾಲೆಯ ಮಿಕ್ಕ ಹಿರಿಮೆಯೆಲ್ಲವೂ ಆ ಹುಡುಗನಿಗೆ ಬೇರೆಯವರ ಸುದ್ದಿಯಾಗಿಯೇ ಉಳಿಯುತ್ತಿತ್ತು.

ಅದು 1868ರಲ್ಲಿ ಜನರಲ್ ಸ್ಯಾಮ್ಯುಯಲ್ ಆರ್ಮ್‌ಸ್ಟ್ರಾಂಗರು ಸ್ಥಾಪಿಸಿದ್ದ ಹ್ಯಾಂಪ್ಟನ್ ವಿದ್ಯಾಸಂಸ್ಥೆ. ಗಣಿಯ ಯಜಮಾನನ ಪತ್ನಿ ವಯೋಲಾ ರಫ್ನರ್ ಎಂಬಾಕೆಯ ಮನೆಯಲ್ಲಿ ತಿಂಗಳಿಗೆ 5 ಡಾಲರಿಗೆ ಕೆಲಸಕ್ಕಿದ್ದ ಬೂಕರನು ಉಳಿಸಿದ್ದ ಹಣ ಅತ್ಯಲ್ಪ. 1872ರ ಶರತ್ಕಾಲದಲ್ಲಿ ಹೊರಟಾಗ ಅಣ್ಣ ಜಾನನು ತನ್ನಲ್ಲಿದ್ದುದನ್ನು ಕೊಟ್ಟನು. ಗುಲಾಮಗಿರಿಯಲ್ಲಿಯೇ ಮುಪ್ಪಾದ ನೆರೆಹೊರೆಯ ವೃದ್ಧರಲ್ಲಿ ಒಬ್ಬರು ಒಂದು ಚಿಲ್ಲರೆ ನಾಣ್ಯ, ಇನ್ನೊಬ್ಬರು ಒಂದು ಕರವಸ್ತ್ರ, ಹೀಗೆ ತಂದುಕೊಟ್ಟರು. ಬೂಕರನಿಗೆ ದೊರೆತ ಮೊದಲ ವಿದ್ಯಾರ್ಥಿವೇತನವೆಂದರೆ ಇದೇ ಎನ್ನಬೇಕು. ದಾರಿ ಸುಮಾರು 500 ಮೈಲಿ. ಕೈಯಲ್ಲಿದ್ದ ಹಣವು ನಡುದಾರಿಯಲ್ಲಿಯೇ ಕರಗಿತು. ಒಂದು ಹೋಟೆಲಿನಲ್ಲಿ ಮೈಬಣ್ಣವನ್ನು ನೋಡಿಯೇ ಸ್ಥಳವಿಲ್ಲವೆಂದರು. ರಿಚ್ಮಂಡ್ ನಗರವನ್ನು ಸೇರುವಾಗ ಕೈ ಬರಿದಾಗಿತ್ತು. ಹಲಗೆ ಹಾಸಿದ ಕಾಲುದಾರಿಯ ಅಡಿಯಲ್ಲಿ, ಮೇಲೆ ಜನರು ನಡೆಯುವ ಸದ್ದಿನ ಕೆಳಗೆ, ರಾತ್ರಿ ಮಲಗಿದನು. ಮರುದಿನದಿಂದ ಹಡಗಿನ ಕಬ್ಬಿಣವನ್ನು ಇಳಿಸುವ ಕೂಲಿ ಮಾಡಿದನು. ಕೂಲಿ ಬಂದರೂ ಮಲಗುವ ಸ್ಥಳವನ್ನು ಮಾತ್ರ ಬದಲಿಸಲಿಲ್ಲ. ಉಳಿದ ಹಣವೆಲ್ಲ ಮುಂದಿನ 82 ಮೈಲಿಗಳಿಗೆ ಬೇಕಾಗಿತ್ತು. ಹ್ಯಾಂಪ್ಟನ್ನಿನ ಬಾಗಿಲಲ್ಲಿ ನಿಂತಾಗ ಅವನಲ್ಲಿದ್ದುದು 50 ಸೆಂಟು.

ಅಲ್ಲಿ ನಡೆದ ಪ್ರವೇಶಪರೀಕ್ಷೆಯ ಕಥೆ ಲೋಕಪ್ರಸಿದ್ಧವಾದುದು. ಸ್ನಾನವಿಲ್ಲದೆ, ಮಾಸಿದ ಬಟ್ಟೆಯಲ್ಲಿ ನಿಂತಿದ್ದ ಹುಡುಗನನ್ನು ಸೇರಿಸಿಕೊಳ್ಳಬೇಕೋ ಬಾರದೋ ಎಂದು ಬಹಳ ಹೊತ್ತು ಅನುಮಾನಿಸಿದ ಅಧ್ಯಾಪಿಕೆ ಮೇರಿ ಮ್ಯಾಕಿಯವರು ಕಡೆಗೆ ಪಕ್ಕದ ಪಾಠದ ಕೋಣೆಯನ್ನು ಗುಡಿಸುವಂತೆ ಹೇಳಿದರು. ಅವನು ಮೂರು ಸಲ ಗುಡಿಸಿ ನಾಲ್ಕು ಸಲ ಧೂಳು ಒರೆಸಿದನು. ಅಧ್ಯಾಪಿಕೆಯು ಕರವಸ್ತ್ರದಿಂದ ಮೇಜು, ಬೆಂಚು, ಗೋಡೆಯ ಮರಗೆಲಸಗಳನ್ನೆಲ್ಲ ಉಜ್ಜಿ ನೋಡಿದರೂ ಧೂಳಿನ ಕಣವೂ ಸಿಕ್ಕಲಿಲ್ಲ. ಪ್ರವೇಶ ದೊರೆಯಿತು, ಅದರೊಡನೆ ಶಾಲೆಯ ಕೋಣೆಗಳನ್ನು ನೋಡಿಕೊಳ್ಳುವ ಜವಾನನ ಕೆಲಸವೂ ದೊರೆಯಿತು. ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಶಾಲೆಯ ಲೆಕ್ಕದ ಪುಸ್ತಕವು ತೆರೆದುಕೊಳ್ಳುವುದು ಇಲ್ಲಿಂದಲೇ.

ಬೋಧನಶುಲ್ಕ ವರ್ಷಕ್ಕೆ 70 ಡಾಲರು. ಊಟ ತಿಂಗಳಿಗೆ 10 ಡಾಲರು. ಊಟದ ಹಣವನ್ನು ಒಂದಂಶ ನಗದಾಗಿ, ಮಿಕ್ಕುದನ್ನು ದುಡಿಮೆಯಿಂದ ಸಲ್ಲಿಸಬಹುದಾಗಿತ್ತು. ಬೂಕರನು ನಸುಕಿನಲ್ಲೆದ್ದು ಒಲೆಗಳಿಗೆ ಬೆಂಕಿ ಹಾಕಿ, ರಾತ್ರಿ ಬಹಳ ಹೊತ್ತಿನವರೆಗೆ ಕೋಣೆಗಳನ್ನು ಶುಚಿಮಾಡಿ ಊಟದ ಲೆಕ್ಕವನ್ನು ಬಹುಮಟ್ಟಿಗೆ ಸರಿದೂಗಿಸುತ್ತಿದ್ದನು. ಆದರೆ 70 ಡಾಲರು ಶುಲ್ಕವು ಎಷ್ಟು ದುಡಿದರೂ ಅವನಿಂದ ಕೂಡದ ಮೊತ್ತ. ಅದಕ್ಕಾಗಿ ಜನರಲ್ ಆರ್ಮ್‌ಸ್ಟ್ರಾಂಗರು ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂ ಬೆಡ್‌ಫರ್ಡ್ ಊರಿನ ಎಸ್. ಗ್ರಿಫಿಟ್ಸ್ ಮಾರ್ಗನ್ ಎಂಬ ಗೃಹಸ್ಥರನ್ನು ಒಪ್ಪಿಸಿದರು. ಅವನ ವಿದ್ಯಾಭ್ಯಾಸವು ಮುಗಿಯುವವರೆಗೂ ಅವರೇ ಶುಲ್ಕವನ್ನು ತೆತ್ತರು. ಬಟ್ಟೆಬರೆಗಳು ಉತ್ತರದ ಊರುಗಳಿಂದ ಪೀಪಾಯಿಗಳಲ್ಲಿ ಬರುತ್ತಿದ್ದ ಹಳೆಯ ಉಡುಪುಗಳಿಂದ ಒದಗಿದವು. ಪುಸ್ತಕಗಳನ್ನು ಸಹಪಾಠಿಗಳಿಂದ ಎರವಲು ಪಡೆದನು. ಇದ್ದ ಒಂದೇ ಜೊತೆ ಕಾಲುಚೀಲವನ್ನು ರಾತ್ರಿ ಒಗೆದು ಬೆಳಗ್ಗೆ ತೊಡುತ್ತಿದ್ದನು. ಹಾಸಿಗೆಯ ಮೇಲಿನ ಎರಡು ದುಪ್ಪಟಿಗಳ ನಡುವೆ ಮಲಗಬೇಕೆಂಬುದೂ ತಿಳಿಯದೆ ಮೊದಲ ರಾತ್ರಿ ಎರಡರ ಕೆಳಗೂ, ಮರುರಾತ್ರಿ ಎರಡರ ಮೇಲೆಯೂ ಮಲಗಿದವನು ಅವನು. ಶಾಲೆಯು ಕಲಿಸಬೇಕಾದುದು ಪುಸ್ತಕದ ಹೊರಗೂ ಬಹಳವಿತ್ತು.

ಇಷ್ಟಾಗಿಯೂ ಮೊದಲ ವರ್ಷದ ಕೊನೆಗೆ ಶಾಲೆಗೆ 16 ಡಾಲರು ಬಾಕಿ ನಿಂತಿತು. ರಜೆಯಲ್ಲಿ ಎಲ್ಲರೂ ಊರಿಗೆ ಹೊರಟರು; ಇವನಿಗೆ ದಾರಿಯ ಖರ್ಚಿಗೂ ಹಣವಿಲ್ಲ. ತನ್ನಲ್ಲಿದ್ದ ಹೆಚ್ಚಿನದೊಂದು ಹಳೆಯ ಕೋಟನ್ನು ಮಾರಲು ಗುಟ್ಟಾಗಿ ಯತ್ನಿಸಿದನು. ಕೊಳ್ಳಲು ಬಂದವನು 3 ಡಾಲರು ಬೆಲೆಗೆ ಕೂಡಲೆ ಒಪ್ಪಿದನು. ಆದರೆ ಈಗ 5 ಸೆಂಟು ಕೊಟ್ಟು ಕೋಟನ್ನು ಒಯ್ಯುವೆನೆಂದೂ ಮಿಕ್ಕುದನ್ನು ಅನುಕೂಲವಾದಾಗ ತರುವೆನೆಂದೂ ಹೇಳಿದನು. ಆ ವ್ಯಾಪಾರವು ಅಲ್ಲಿಗೇ ಮುಗಿಯಿತು. ಮನ್ರೋ ಕೋಟೆಯ ಬಳಿಯ ಒಂದು ಉಪಾಹಾರಗೃಹದಲ್ಲಿ ದುಡಿಯಲು ಸೇರಿದನು. ಸಂಬಳವು ಊಟಕ್ಕಿಂತ ಸ್ವಲ್ಪವೇ ಹೆಚ್ಚು. ಒಂದು ದಿನ ಮೇಜಿನ ಕೆಳಗೆ 10 ಡಾಲರಿನ ನೋಟೊಂದು ಸಿಕ್ಕಿತು. ಬಾಕಿಯ ಬಹುಪಾಲು ತೀರುವಷ್ಟು ಹಣ. ಹುಡುಗನು ಅದನ್ನು ಯಜಮಾನನಿಗೆ ತೋರಿಸಿದನು. ಯಜಮಾನನು ಸಂತೋಷಪಟ್ಟು, ಸ್ಥಳವು ತನ್ನದಾದ್ದರಿಂದ ಹಣವೂ ತನ್ನದೇ ಎಂದು ಹೇಳಿ ಇಟ್ಟುಕೊಂಡನು! ರಜೆಯು ಮುಗಿಯಿತು, 16 ಡಾಲರು ಕೂಡಲಿಲ್ಲ. ಕಡೆಗೆ ಧೈರ್ಯ ತಂದುಕೊಂಡು ಕೋಶಾಧಿಕಾರಿಗಳಾದ ಜನರಲ್ ಮಾರ್ಷಲರ ಬಳಿಗೆ ಹೋಗಿ ಇದ್ದುದನ್ನು ಇದ್ದಂತೆ ನಿವೇದಿಸಿದನು. ಅವರು ಅವನನ್ನು ಮತ್ತೆ ಶಾಲೆಗೆ ಸೇರಿಸಿಕೊಂಡು, ಕೈಲಾದಾಗ ಸಾಲವನ್ನು ತೀರಿಸುವನೆಂದು ನಂಬುವುದಾಗಿ ತಿಳಿಸಿದರು. ಬೂಕರನ ವಿದ್ಯಾಭ್ಯಾಸವು ಅಂದು ಆ ಕೋಶಾಧಿಕಾರಿಯ ಒಂದು ಮಾತಿನ ಮೇಲೆ ನಿಂತಿತ್ತು. ಮ್ಯಾಕಿಯವರ ಹೆಸರು ಲೋಕಕ್ಕೆ ತಿಳಿದಿದೆ. ಮಾರ್ಷಲರ ಹೆಸರೂ ಅಷ್ಟೇ ತಿಳಿದಿರಬೇಕಾಗಿತ್ತು.

ಎರಡನೆಯ ವರ್ಷದ ಕೊನೆಗೆ ತಾಯಿಯೂ ಅಣ್ಣನೂ ಕಳುಹಿಸಿದ ಹಣಕ್ಕೆ ಒಬ್ಬ ಅಧ್ಯಾಪಕರ ಕೊಡುಗೆಯೂ ಸೇರಿ ಊರಿಗೆ ಹೋಗುವುದು ಸಾಧ್ಯವಾಯಿತು. ಊರಿನಲ್ಲಿ ಗಣಿ, ಭಟ್ಟಿಗಳ ಮುಷ್ಕರ, ಕೆಲಸವಿಲ್ಲ. ಆ ಬೇಸಗೆಯಲ್ಲಿಯೇ ತಾಯಿಯು ತೀರಿಕೊಂಡಳು. ಹಿಂದಿರುಗುವ ಆಸೆ ಕಮರುತ್ತಿದ್ದಾಗ ಮ್ಯಾಕಿಯವರ ಪತ್ರ ಬಂದಿತು: ಶಾಲೆ ತೆರೆಯುವುದಕ್ಕೆ ಎರಡು ವಾರ ಮೊದಲೇ ಬಂದು ಕಟ್ಟಡಗಳನ್ನು ಶುಚಿಮಾಡಲು ನೆರವಾದರೆ ಆ ಕೂಲಿಯನ್ನು ಅವನ ಲೆಕ್ಕಕ್ಕೆ ಜಮಾ ಮಾಡಲಾಗುವುದು. ಕುಲೀನ ಮನೆತನದ ಆ ವಿದುಷಿಯು ಅವನ ಪಕ್ಕದಲ್ಲಿಯೇ ನಿಂತು ಕಿಟಕಿಗಳನ್ನು ತೊಳೆದರು. 1875ರಲ್ಲಿ ಬೂಕರನು ಪದವಿಪತ್ರವನ್ನು ಪಡೆದನು. ಮಾಲ್ಡನ್ನಿನಲ್ಲಿ ಅಧ್ಯಾಪಕನಾಗಿ, ಗಣಿಯಲ್ಲಿ ದುಡಿದು ತನಗೆ ಹಣ ಕಳುಹಿಸಿದ್ದ ಅಣ್ಣನನ್ನು ಹ್ಯಾಂಪ್ಟನ್ನಿಗೆ ಕಳುಹಿಸಿದನು.

1878ರಲ್ಲಿ ವಾಷಿಂಗ್ಟನ್ನರು ರಾಜಧಾನಿಯ ವೇಲೆಂಡ್ ಸೆಮಿನರಿಯಲ್ಲಿ ಕೆಲವು ತಿಂಗಳು ವ್ಯಾಸಂಗ ಮಾಡಿದರು. ಅಲ್ಲಿ ಬಹುಮಂದಿ ವಿದ್ಯಾರ್ಥಿಗಳ ಸ್ವಂತ ಖರ್ಚನ್ನೂ ಬೇರೆಯವರೇ ವಹಿಸುತ್ತಿದ್ದರು. ಹ್ಯಾಂಪ್ಟನ್ನಿನಲ್ಲಿ ಶುಲ್ಕವನ್ನು ಮಾತ್ರ ಸಂಸ್ಥೆಯು ದಾನಿಗಳಿಂದ ಒದಗಿಸುತ್ತಿತ್ತು. ಊಟ, ಬಟ್ಟೆ, ಪುಸ್ತಕ, ವಸತಿಗಳ ಭಾರವು ವಿದ್ಯಾರ್ಥಿಯದೇ. ಎಲ್ಲವೂ ಕೈಗೆ ಬಂದಲ್ಲಿ ಸ್ವಾವಲಂಬನೆಯು ಸೊರಗುವುದೆಂದೂ ಹೊರತೋರ್ಕೆ ಬೆಳೆಯುವುದೆಂದೂ ಅವರು ತೀರ್ಮಾನಿಸಿದರು. ಈ ತೀರ್ಮಾನವು ಸ್ವಲ್ಪ ಕಠಿನವಾದುದೇ. ತಾವು ಪಟ್ಟ ಕಷ್ಟವನ್ನು ದಾಟಿ ಬಂದವರು ಆ ಕಷ್ಟವೇ ತಮ್ಮನ್ನು ರೂಪಿಸಿತೆಂದು ತಿಳಿಯುವುದು ಸಹಜ. ದಾಟಲಾರದೆ ರಿಚ್ಮಂಡಿನ ಬೀದಿಯಲ್ಲಿಯೇ ಉಳಿದವರ ಸಾಕ್ಷ್ಯವು ಯಾರಿಗೂ ಸಿಕ್ಕುವುದಿಲ್ಲ. ಆದರೆ ಊಟದ ಒಂದಂಶವನ್ನೂ ನಗದಾಗಿ ಕೊಡಲಾರದವರು ಇದ್ದರೆಂಬುದು ಅವರಿಗೂ ತಿಳಿದಿತ್ತು. 1879ರಲ್ಲಿ ಹ್ಯಾಂಪ್ಟನ್ನಿಗೆ ಅಧ್ಯಾಪಕರಾಗಿ ಮರಳಿದ ಮೇಲೆ, ಅಂಥವರಿಗಾಗಿ ಆರ್ಮ್‌ಸ್ಟ್ರಾಂಗರು ತೆರೆದ ರಾತ್ರಿಶಾಲೆಯನ್ನು ಅವರೇ ವಹಿಸಿಕೊಂಡರು. ಹಗಲು 10 ಗಂಟೆ ಮರಗೊಯ್ಯುವ ಕಾರ್ಖಾನೆಯಲ್ಲಿ ಅಥವಾ ಬಟ್ಟೆ ಒಗೆಯುವಲ್ಲಿ ದುಡಿಮೆ, ರಾತ್ರಿ 2 ಗಂಟೆ ಪಾಠ. ಊಟದ ಖರ್ಚು ಕಳೆದು ಉಳಿದ ಕೂಲಿಯು ಕೋಶದಲ್ಲಿ ಸೇರುತ್ತಿತ್ತು. ಒಂದೆರಡು ವರ್ಷಗಳಲ್ಲಿ ಅದು ಹಗಲುಶಾಲೆಯ ಊಟಕ್ಕೆ ಮೂಲಧನವಾಗುತ್ತಿತ್ತು.

1881ರಲ್ಲಿ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಕರಿಯರಿಗಾಗಿ ಶಾಲೆ ತೆರೆಯಲು ಮುಖ್ಯಾಧ್ಯಾಪಕರೊಬ್ಬರು ಬೇಕೆಂದು ಆರ್ಮ್‌ಸ್ಟ್ರಾಂಗರಿಗೆ ಪತ್ರ ಬಂದಿತು. ಅವರು ವಾಷಿಂಗ್ಟನ್ನರನ್ನು ಕಳುಹಿಸಿದರು. ಸರಕಾರವು ವರ್ಷಕ್ಕೆ 2000 ಡಾಲರು ಮಂಜೂರು ಮಾಡಿತ್ತು. ಅದು ಅಧ್ಯಾಪಕರ ಸಂಬಳಕ್ಕೆ ಮಾತ್ರ. ಕಟ್ಟಡವಿಲ್ಲ, ಭೂಮಿಯಿಲ್ಲ. ಜುಲೈ 4ರಂದು 30 ವಿದ್ಯಾರ್ಥಿಗಳೊಡನೆ ಸೋರುವ ಗುಡಿಸಲಲ್ಲಿ ಪಾಠ ಮೊದಲಾಯಿತು. ಮಳೆ ಬಂದಾಗ ವಿದ್ಯಾರ್ಥಿಯೊಬ್ಬನು ಗುರುವಿಗೆ ಕೊಡೆ ಹಿಡಿಯುತ್ತಿದ್ದನು. 500 ಡಾಲರಿಗೆ ಒಂದು ಹಳೆಯ ತೋಟವು ಮಾರಾಟಕ್ಕಿತ್ತು. ಅರ್ಧವನ್ನು ಮೊದಲೇ ಕೊಡಬೇಕು. ವಾಷಿಂಗ್ಟನ್ನರು ಸಾಲಕ್ಕೆ ಬರೆದುದು ಅದೇ ಮಾರ್ಷಲರಿಗೆ. ಸಂಸ್ಥೆಯ ಹಣವನ್ನು ಸಾಲ ಕೊಡಲು ತಮಗೆ ಅಧಿಕಾರವಿಲ್ಲವೆಂದು ತಿಳಿಸಿದ ಮಾರ್ಷಲರು 250 ಡಾಲರನ್ನು ತಮ್ಮ ಸ್ವಂತ ಹಣದಿಂದ ಕೊಟ್ಟರು. ಸಹೋದ್ಯೋಗಿನಿ ಒಲಿವಿಯಾ ಡೇವಿಡ್‌ಸನ್ನರು ಮನೆಮನೆ ತಿರುಗಿ ತಿಂಡಿತೀರ್ಥಗಳನ್ನು ಬೇಡಿ ತಂದು, ಸಹಾಯಾರ್ಥ ಸಂತರ್ಪಣೆಗಳನ್ನು ನಡೆಸಿ ಹಣ ಕೂಡಿಸಿದರು. ಗುಲಾಮಗಿರಿಯಲ್ಲಿ ಬದುಕು ಸವೆಸಿದ ಮುದುಕಿಯೊಬ್ಬಳು ಆರು ಮೊಟ್ಟೆಗಳನ್ನು ತಂದಿತ್ತಳು. ಮೂರು ತಿಂಗಳಲ್ಲಿ ಮಾರ್ಷಲರ ಸಾಲವು ತೀರಿತು.

ಇಲ್ಲಿಯೂ ಲೆಕ್ಕವು ಹ್ಯಾಂಪ್ಟನ್ನಿನ ಲೆಕ್ಕವೇ. ಊಟ, ವಸತಿ, ಉರುವಲು, ಬಟ್ಟೆ ಒಗೆತ ಎಲ್ಲ ಸೇರಿ ತಿಂಗಳಿಗೆ 8 ಡಾಲರು. ಅದನ್ನು ವಿದ್ಯಾರ್ಥಿಗಳು ಕೊಡುವಷ್ಟು ಕೊಟ್ಟು ಮಿಕ್ಕುದನ್ನು ದುಡಿಯಬೇಕು. ಬೋಧನಶುಲ್ಕ ತಲೆಗೆ ವರ್ಷಕ್ಕೆ 50 ಡಾಲರು. ಅದನ್ನು ಮುಖ್ಯಸ್ಥರೇ ಊರೂರು ತಿರುಗಿ ತರಬೇಕು. ದುಡಿಮೆಗೆ ಕೆಲಸವನ್ನೂ ಹುಟ್ಟಿಸಬೇಕಲ್ಲ. ಇಟ್ಟಿಗೆ ಸುಡಲು ತೊಡಗಿದರು. ಮೂರು ಗೂಡುಗಳು ಕೆಟ್ಟವು. ನಾಲ್ಕನೆಯದಕ್ಕೆ ಹಣವಿಲ್ಲದೆ ವಾಷಿಂಗ್ಟನ್ನರು ತಮ್ಮ ಗಡಿಯಾರವನ್ನು ಮಾಂಟ್ಗೊಮರಿಯಲ್ಲಿ 15 ಡಾಲರಿಗೆ ಒತ್ತೆಯಿಟ್ಟರು. ಇಟ್ಟಿಗೆ ಬೆಂದಿತು, ಗಡಿಯಾರವನ್ನು ಬಿಡಿಸಿಕೊಳ್ಳಲಾಗಲಿಲ್ಲ. 1884ರಲ್ಲಿ ಟಸ್ಕೀಗಿಯಲ್ಲಿಯೂ ರಾತ್ರಿಶಾಲೆ ತೆರೆಯಿತು. ಮೊದಲ ಭೇಟಿಯಲ್ಲಿ 2 ಡಾಲರು ಕೊಟ್ಟಿದ್ದ ರೈಲ್ವೆ ಒಡೆಯ ಹಂಟಿಂಗ್ಟನ್ ಮುಂದೆ ಒಮ್ಮೆಗೆ 50,000 ಡಾಲರು ಕೊಟ್ಟರು. ಆಂಡ್ರ್ಯೂ ಕಾರ್ನೆಗಿಯವರು 1903ರಲ್ಲಿ 6 ಲಕ್ಷ ಡಾಲರುಗಳ ದತ್ತಿಯನ್ನಿತ್ತರು.

ಅದೇ 1903ರಲ್ಲಿ ವಿದ್ವಾಂಸ ಡು ಬಾಯ್ಸರು ತಮ್ಮ ಗ್ರಂಥದಲ್ಲಿ ವಾಷಿಂಗ್ಟನ್ನರ ಮಾರ್ಗವನ್ನು ಕಟುವಾಗಿ ವಿಮರ್ಶಿಸಿದರು. ಕೈಕಸಬಿಗೆ ಒತ್ತುಕೊಟ್ಟು ಉನ್ನತ ವಿದ್ಯೆಯನ್ನೂ ನಾಗರಿಕ ಹಕ್ಕನ್ನೂ ಹಿಂದಕ್ಕೆ ತಳ್ಳಿದರೆಂಬುದು ಅವರ ಆಕ್ಷೇಪ. ತಮ್ಮೂರಿನ ಚರ್ಚುಗಳು ಕೂಡಿಸಿಕೊಟ್ಟ ಹಣದಿಂದ ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಓದಿದ ಡು ಬಾಯ್ಸರಿಗೆ ಹಗಲು 10 ಗಂಟೆಗಳ ದುಡಿಮೆ ಬೇಕಾಗಲಿಲ್ಲ. ಆ ಬಿಡುವಿನಿಂದ ಬಂದ ಫಲವನ್ನೂ ಲೋಕವು ಕಂಡಿದೆ. ಟಸ್ಕೀಗಿಯ ಅಧ್ಯಾಪಕರಲ್ಲಿಯೂ ಅನೇಕರು ಅಂಥ ಕಾಲೇಜುಗಳಿಂದಲೇ ಬಂದವರು. ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು.

ನ್ಯೂಯಾರ್ಕಿನಲ್ಲಿ ಅಸ್ವಸ್ಥರಾದ ವಾಷಿಂಗ್ಟನ್ನರು ಟಸ್ಕೀಗಿಗೆ ಹಿಂದಿರುಗಿ 1915ರ ನವೆಂಬರ್ 14ರಂದು ಅಲ್ಲಿಯೇ ನಿಧನರಾದರು. ಆಗ ಸಂಸ್ಥೆಯಲ್ಲಿ ಸುಮಾರು 1500 ವಿದ್ಯಾರ್ಥಿಗಳೂ 100ಕ್ಕೂ ಮಿಕ್ಕ ಕಟ್ಟಡಗಳೂ ಇದ್ದವು. ಹ್ಯಾಂಪ್ಟನ್ 1984ರಲ್ಲಿಯೂ ಟಸ್ಕೀಗಿ 1985ರಲ್ಲಿಯೂ ವಿಶ್ವವಿದ್ಯಾಲಯಗಳೆಂಬ ಹೆಸರನ್ನು ತಳೆದವು. ಸಂಸ್ಥೆಯ ಆವರಣದಲ್ಲಿಯೇ ಇರುವ ಅವರ ಸಮಾಧಿಯನ್ನು ವಿದ್ಯಾರ್ಥಿಗಳು ಸುಟ್ಟ ಇಟ್ಟಿಗೆಗಳಿಂದ ಕಟ್ಟಲಾಯಿತು.