ಕ್ಲಿಂಟನ್ ಡೇವಿಸನ್

ಕ್ಲಿಂಟನ್ ಜೋಸೆಫ್ ಡೇವಿಸನ್ 1881ರ ಅಕ್ಟೋಬರ್ 22ರಂದು ಅಮೆರಿಕದ ಬ್ಲೂಮಿಂಗ್‌ಟನ್ ಎಂಬ ಊರಿನಲ್ಲಿ ಜನಿಸಿದನು. ತಾಯಿ ಶಾಲೆಯ ಉಪಾಧ್ಯಾಯಿನಿ. 1902ರಲ್ಲಿ ವಿದ್ಯಾರ್ಥಿವೇತನ ಪಡೆದು ಷಿಕಾಗೋ ವಿಶ್ವವಿದ್ಯಾನಿಲಯವನ್ನು ಸೇರಿದನಾದರೂ, ಹಣ ಸಾಲದೆ ಊರಿಗೆ ಮರಳಿ ದೂರವಾಣಿ ಸಂಸ್ಥೆಯಲ್ಲಿ ದುಡಿಯಬೇಕಾಯಿತು. ಹೀಗೆ ಓದು ನಿಂತು, ಮುಂದುವರಿದು, ಡಾಕ್ಟರೇಟ್ ಪದವಿ ಕೈಗೆ ಬಂದುದು 1911ರಲ್ಲಿ, ಪ್ರಿನ್ಸ್‌ಟನ್ನಿನಲ್ಲಿ.

1917ರಲ್ಲಿ ಅವನು ನ್ಯೂಯಾರ್ಕಿನ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯನ್ನು ಸೇರಿದನು. ಅದರ ಸಂಶೋಧನಾ ವಿಭಾಗವೇ 1925ರಲ್ಲಿ ಬೆಲ್ ಪ್ರಯೋಗಶಾಲೆಯಾಯಿತು. ಗಾಳಿಯನ್ನು ತೆಗೆದ ಗಾಜಿನ ಕೊಳವೆಯೊಳಗೆ ನಿಕಲ್ ಲೋಹದ ತುಂಡಿನ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸಿ, ಅವು ಯಾವ ದಿಕ್ಕಿಗೆ ಎಷ್ಟು ಚದರುತ್ತವೆಂದು ಅಳೆಯುವುದು ಅವನ ಕೆಲಸ. 1925ರ ಫೆಬ್ರವರಿಯಲ್ಲಿ ಅವಘಡವೊಂದು ನಡೆಯಿತು. ದ್ರವರೂಪದ ಗಾಳಿಯನ್ನು ತುಂಬಿದ್ದ ಸೀಸೆ ಸಿಡಿದು ಕೊಳವೆ ಒಡೆಯಿತು. ಕಾದಿದ್ದ ನಿಕಲ್ಲಿಗೆ ಗಾಳಿ ತಾಕಿ ಕಿಲುಬು ಹಿಡಿಯಿತು. ಡೇವಿಸನ್ನನೂ ಅವನ ಸಹೋದ್ಯೋಗಿ ಲೆಸ್ಟರ್ ಜರ್ಮರನೂ ಅದನ್ನು ಎಸೆಯಲಿಲ್ಲ. ಬಹುಕಾಲ ಕಾಯಿಸಿ ಕಿಲುಬನ್ನು ಕಳೆದು, ಪ್ರಯೋಗವನ್ನು ಮುಂದುವರಿಸಿದರು. ಆದರೆ ಎಲೆಕ್ಟ್ರಾನುಗಳು ಈಗ ಮೊದಲಿನಂತೆ ಚದರದೆ ಕೆಲವೇ ದಿಕ್ಕುಗಳಲ್ಲಿ ಗುಂಪುಗೂಡತೊಡಗಿದವು! ಕೊಳವೆಯನ್ನು ಕೊಯ್ದು ನೋಡಿದಾಗ ಕಾರಣ ಕಂಡಿತು. ಕಾವಿನಿಂದ ನಿಕಲ್ಲಿನ ಅಸಂಖ್ಯ ಸಣ್ಣ ಹರಳುಗಳು ಕೂಡಿ ಕೆಲವು ದೊಡ್ಡ ಹರಳುಗಳಾಗಿದ್ದವು.

ಕಾರಣವೇನೋ ಕಂಡಿತು, ಅರ್ಥ ತಿಳಿಯಲಿಲ್ಲ. 1926ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನ ಸಮ್ಮೇಳನಕ್ಕೆ ಹೋದಾಗ, ಮ್ಯಾಕ್ಸ್ ಬಾರ್ನ್ ತನ್ನ ಭಾಷಣದಲ್ಲಿ ಡೇವಿಸನ್ನನ ಹಳೆಯ ಅಳತೆಗಳನ್ನೇ ಉದಾಹರಿಸಿದನು. ಎಲೆಕ್ಟ್ರಾನಿಗೆ ಅಲೆಯ ಗುಣವೂ ಉಂಟೆಂಬ ಡಿ ಬ್ರಾಗ್ಲಿಯ ಊಹೆಗೆ ಅವು ಸಾಕ್ಷಿಯೆಂಬುದು ಬಾರ್ನನ ಮಾತು. ಇದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಬೆರಗಾದವನು ಡೇವಿಸನ್ನನೇ ಇರಬೇಕು. ಊರಿಗೆ ಮರಳಿ, ನಿಕಲ್ಲಿನ ಒಂದೇ ಹರಳನ್ನಿಟ್ಟು ಪ್ರಯೋಗವನ್ನು ಹೊಸದಾಗಿ ಹೂಡಿದನು. 1927ರಲ್ಲಿ, 54 ವೋಲ್ಟಿನ ಎಲೆಕ್ಟ್ರಾನುಗಳು 50 ಡಿಗ್ರಿಯ ಕೋನದಲ್ಲಿ ದಟ್ಟವಾಗಿ ಹೊಮ್ಮಿದವು. ಸಾಲಾಗಿ ನಿಂತ ಪರಮಾಣುಗಳಿಂದ ಹೊರಟ ಅಲೆಗಳು ಕೆಲವು ದಿಕ್ಕುಗಳಲ್ಲಿ ಒಂದನ್ನೊಂದು ಬಲಪಡಿಸುತ್ತವೆ, ಉಳಿದೆಡೆ ಅಳಿಸಿಹಾಕುತ್ತವೆ. ಇದೇ ವಿವರ್ತನೆ.

ಅದೇ ವರ್ಷ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾರ್ಜ್ ಥಾಮ್ಸನ್ ವೇಗದ ಎಲೆಕ್ಟ್ರಾನುಗಳನ್ನು ತೆಳುವಾದ ಪೊರೆಯ ಮೂಲಕ ಹಾಯಿಸಿ ವಿವರ್ತನೆಯ ಉಂಗುರಗಳನ್ನು ಕಂಡನು. ಎಲೆಕ್ಟ್ರಾನನ್ನು ಕಣವಾಗಿ ಕಂಡುಹಿಡಿದ ಜೆ. ಜೆ. ಥಾಮ್ಸನ್ನನ ಮಗ ಇವನು! 1937ರ ನೊಬೆಲ್ ಬಹುಮಾನವನ್ನು ಡೇವಿಸನ್ ಮತ್ತು ಜಾರ್ಜ್ ಥಾಮ್ಸನ್ ಹಂಚಿಕೊಂಡರು. 1958ರ ಫೆಬ್ರವರಿ 1ರಂದು ಡೇವಿಸನ್ ತೀರಿಕೊಂಡನು.

ಕ್ಷ-ಕಿರಣಗಳಿಂದ ಒಂದು ಹರಳಿನ ರಚನೆಯನ್ನು ಅರಿಯಬೇಕಾದರೆ ಅದು ತಕ್ಕಷ್ಟು ದೊಡ್ಡದಾಗಿರಬೇಕು. ಎಲೆಕ್ಟ್ರಾನುಗಳಾದರೋ ಪರಮಾಣುಗಳೊಡನೆ ಬಹು ಪ್ರಬಲವಾಗಿ ವರ್ತಿಸುತ್ತವೆ. ಆದುದರಿಂದ ಮೀಟರಿನ ನೂರು ಕೋಟಿಯಲ್ಲೊಂದು ಭಾಗವಾದ ನ್ಯಾನೋಮೀಟರಿನಲ್ಲಿ ಅಳೆಯಬೇಕಾದ ಕಿರುಹರಳೂ ಅವುಗಳಿಂದ ಚುಕ್ಕೆಗಳ ಚಿತ್ರವನ್ನು ಮೂಡಿಸಬಲ್ಲದು. ಆ ಚುಕ್ಕೆಗಳ ನಡುವಣ ದೂರ, ಕೋನ ಮತ್ತು ಅವುಗಳ ಹೊಳಪನ್ನು ಅಳೆದು, ಒಳಗಿನ ಪರಮಾಣುಗಳ ಜೋಡಣೆಯನ್ನು ವಿಜ್ಞಾನಿಗಳು ಇಂದು ಲೆಕ್ಕ ಹಾಕುತ್ತಾರೆ.