ಜಿ.ಹೆಚ್. ಕ್ರುಂಬಿಗಲ್ : ಬೆಂಗಳೂರಿಗೆ ನೆರಳು ಹಾಗೂ ಹೂವು ನೀಡಿದ ತೋಟಗಾರಿಕಾ ತಜ್ಞರು

ಪೀಠಿಕೆ :
ಬೆಂಗಳೂರು ನಗರವು ಉದ್ಯಾನ ನಗರಿ ಎಂದು ಹೆಸರಾಗಲು ಕಾರಣರಾದವರಲ್ಲಿ ಶ್ರೀ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ರವರು ಪ್ರಮುಖರು. ಉದ್ಯಾನವು ಅರಮನೆಯ ಅಲಂಕಾರ ಮಾತ್ರವಲ್ಲ, ನೀರು ಹಾಗೂ ರಸ್ತೆಯಂತೆ ನಗರದ ಸಮಸ್ತ ಜನರ ಅವಶ್ಯಕತೆಯೂ ಹೌದು ಎಂಬುದು ಅವರ ಜೀವನದ ಕೆಲಸದಿಂದ ತಿಳಿದುಬರುತ್ತದೆ. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನದ ಸಂಕ್ಷಿಪ್ತ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ತರಬೇತಿ :
ಶ್ರೀಯುತರು 1865ರ ಡಿಸೆಂಬರ್ 18ರಂದು ಜರ್ಮನಿಯ ಡ್ರೆಸ್ಡೆನ್ ನಗರದ ಬಳಿಯ ಲೋಮೆನ್ ಎಂಬ ಊರಿನಲ್ಲಿ ಜನಿಸಿದರು. ಪಿಲ್ನಿಟ್ಸ್‌ನಲ್ಲಿ ತೋಟಗಾರಿಕೆಯ ತರಬೇತಿ ಪಡೆದು, ನಂತರ ಇಂಗ್ಲೆಂಡಿಗೆ ತೆರಳಿ, ಲಂಡನ್ನಿನ ಹೈಡ್ ಪಾರ್ಕ್ ಹಾಗೂ ಪ್ರಸಿದ್ಧ ಕ್ಯೂ ಸಸ್ಯೋದ್ಯಾನಗಳಲ್ಲಿ ಸೇವೆ ಸಲ್ಲಿಸಿದರು. 1893ರಲ್ಲಿ ಬರೋಡಾ ಸಂಸ್ಥಾನದ ಮಹಾರಾಜರಾದ ಸಯಾಜಿರಾವ್ ಗಾಯಕವಾಡರ ಸೇವೆಗೆ ಸೇರಿ, ಅಲ್ಲಿನ ಉದ್ಯಾನಗಳ ಹೊಣೆಯನ್ನು ನಿರ್ವಹಿಸಿದರು.

ಮೈಸೂರು ಸಂಸ್ಥಾನದಲ್ಲಿ ಸೇವೆ :
ಲಾಲ್‌ಬಾಗ್ ಉದ್ಯಾನವನ್ನು ಹೈದರಾಲಿಯು 1760ರಲ್ಲಿ ಆರಂಭಿಸಿದನು. ಅದರ ಅಧೀಕ್ಷಕರಾಗಿದ್ದ ಜಾನ್ ಕ್ಯಾಮರಾನ್ ರವರ ನಂತರ, ನಾಲ್ವಡಿ ಕೃಷ್ಣರಾಜ ಒಡೆಯರ್ ರವರ ಆಳ್ವಿಕೆಯಲ್ಲಿ, 1908ರಲ್ಲಿ ಕ್ರುಂಬಿಗಲ್ ರವರು ಆ ಹುದ್ದೆಗೆ ನೇಮಕಗೊಂಡರು. 1932ರವರೆಗೆ ಅಲ್ಲಿದ್ದು, ಹೊರದೇಶಗಳ ಸಸ್ಯೋದ್ಯಾನಗಳೊಂದಿಗೆ ಬೀಜ ಹಾಗೂ ಸಸಿಗಳ ವಿನಿಮಯ ನಡೆಸಿ, ಅನೇಕ ಹೊಸ ಜಾತಿಯ ಗಿಡಗಳನ್ನು ಇಲ್ಲಿಗೆ ತರಿಸಿದರು. ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಳಗಿನ ಬೃಂದಾವನ ಉದ್ಯಾನದ ವಿನ್ಯಾಸದಲ್ಲಿಯೂ ಅವರ ಪಾತ್ರವಿದ್ದು, ದಿವಾನ್ ಮಿರ್ಜಾ ಇಸ್ಮಾಯಿಲ್ ರವರು ಈ ಕಾರ್ಯಕ್ಕೆ ವಿಶೇಷ ಪ್ರೋತ್ಸಾಹ ನೀಡಿದರು.

ರಸ್ತೆಬದಿಯ ಮರಗಳು :
ಶ್ರೀಯುತರ ಕೊಡುಗೆಗಳಲ್ಲಿ ಜನಸಾಮಾನ್ಯರಿಗೆ ಅತ್ಯಂತ ಹತ್ತಿರವಾದುದು ರಸ್ತೆಬದಿಯ ವೃಕ್ಷಗಳು. ಒಂದು ಜಾತಿಯ ಹೂವು ಮುಗಿಯುವ ವೇಳೆಗೆ ಮತ್ತೊಂದು ಜಾತಿಯು ಅರಳುವಂತೆ ಮರಗಳನ್ನು ಆಯ್ದು ನೆಡುವ ಕ್ರಮವನ್ನು ಅವರು ಅನುಸರಿಸಿದರು. ಬೇಸಿಗೆಯ ಆರಂಭದಲ್ಲಿ ಟಬೇಬುಯಾ ಹಾಗೂ ಜಕರಂಡಾ, ಏಪ್ರಿಲ್-ಮೇ ತಿಂಗಳುಗಳಲ್ಲಿ ಗುಲ್‌ಮೊಹರ್, ಮಳೆಗಾಲ ಕಳೆದ ನಂತರ ಆಕಾಶಮಲ್ಲಿಗೆ, ಹೀಗೆ ನಗರದಲ್ಲಿ ವರ್ಷದ ಬಹುಭಾಗ ಒಂದಲ್ಲ ಒಂದು ಮರ ಹೂ ಬಿಡುತ್ತದೆ. ಉದ್ಯಾನಕ್ಕೆ ಹೋಗಲು ಬಿಡುವಿಲ್ಲದ ಕೂಲಿಕಾರನಿಗೂ, ತಲೆಹೊರೆಯ ವ್ಯಾಪಾರಿಗೂ, ಶಾಲೆಗೆ ನಡೆದು ಹೋಗುವ ಮಕ್ಕಳಿಗೂ ದಾರಿಯಲ್ಲಿಯೇ ನೆರಳು ಮತ್ತು ಹೂವು ದೊರೆಯುವುದು ಈ ಕ್ರಮದ ವಿಶೇಷ. ಅಪರಿಚಿತರಾದ ನೆರೆಹೊರೆಯವರು ಒಂದೇ ಮರದ ಕೆಳಗೆ ಕುಳಿತು ಪರಿಚಿತರಾಗುವುದು ಇದರ ಸಾಮಾಜಿಕ ಪ್ರಯೋಜನವಾಗಿದೆ.

ತೋಟಗಾರಿಕೆಯಲ್ಲಿ ಜನರೂ ಪಾಲ್ಗೊಳ್ಳಬೇಕೆಂಬ ಉದ್ದೇಶದಿಂದ 1912ರಲ್ಲಿ ಮೈಸೂರು ಉದ್ಯಾನ ಕಲಾ ಸಂಘದ ಸ್ಥಾಪನೆಗೂ ಅವರು ಕಾರಣರಾದರು. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ ಈ ಸಂಘದ ಹೆಸರು ಇಂದಿಗೂ ಜನರಿಗೆ ಪರಿಚಿತವಾಗಿದೆ.

ಕಷ್ಟದ ದಿನಗಳು ಮತ್ತು ನಿಧನ :
ಮಹಾಯುದ್ಧದ ಕಾಲದಲ್ಲಿ, ಜರ್ಮನ್ ಮೂಲದವರೆಂಬ ಏಕೈಕ ಕಾರಣದಿಂದ, ಬ್ರಿಟಿಷ್ ಆಡಳಿತವು ಅವರನ್ನು ಬಂಧನದಲ್ಲಿರಿಸಿತು. ಮರಗಳನ್ನು ನೆಟ್ಟು ಬೆಳೆಸಿದ ಊರಿನಲ್ಲಿಯೇ ಶತ್ರು ದೇಶದವರೆನಿಸಿಕೊಂಡರೂ ಅವರು ಈ ನಾಡನ್ನು ತೊರೆಯಲಿಲ್ಲ. ನಿವೃತ್ತಿಯ ತರುವಾಯ ಹೆಚ್.ಸಿ. ಜವರಾಯರು ಅವರ ಉತ್ತರಾಧಿಕಾರಿಯಾದರು. ಕ್ರುಂಬಿಗಲ್ ರವರು ಬೆಂಗಳೂರಿನಲ್ಲಿಯೇ ನೆಲೆಸಿ, 1956ರ ಫೆಬ್ರವರಿ 8ರಂದು ತಮ್ಮ 90ನೇ ವಯಸ್ಸಿನಲ್ಲಿ ನಿಧನರಾದರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಲಾಲ್‌ಬಾಗ್ ಸಮೀಪದ ಒಂದು ರಸ್ತೆಗೆ ಅವರ ಹೆಸರನ್ನಿಡಲಾಗಿದೆ.

ನಾಗರಿಕರ ಗಮನಕ್ಕೆ :
ಲಾಲ್‌ಬಾಗ್ ಹಾಗೂ ಕಬ್ಬನ್ ಉದ್ಯಾನಗಳಿಗೆ 1975ರ ಕರ್ನಾಟಕ ಸರ್ಕಾರಿ ಉದ್ಯಾನವನಗಳ (ಸಂರಕ್ಷಣೆ) ಅಧಿನಿಯಮದ ರಕ್ಷಣೆಯಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ, ಅದು ಅನ್ವಯವಾಗುವ ಪ್ರದೇಶಗಳಲ್ಲಿ, ಸ್ವಂತ ನಿವೇಶನದಲ್ಲಿರುವ ಮರವನ್ನು ಕಡಿಯಲು ಸಹ ಸಾಮಾನ್ಯವಾಗಿ ವೃಕ್ಷ ಅಧಿಕಾರಿಯ ಪೂರ್ವಾನುಮತಿ ಅಗತ್ಯ. ಅನುಮತಿ ದೊರೆತಲ್ಲಿ ಬದಲಿ ಗಿಡ ನೆಡುವ ಹೊಣೆಯೂ ಇರುತ್ತದೆ. ಗಿಡವೊಂದು ನೆರಳು ನೀಡುವ ಮರವಾಗಲು ಹಲವು ವರ್ಷಗಳು ಬೇಕು. ಅದನ್ನು ಕಡಿಯಲು ಒಂದು ದಿನವೂ ಬೇಡ. ಆದ್ದರಿಂದ ಅರ್ಜಿ ಸಲ್ಲಿಸುವ ಮುನ್ನ, ಕೊಂಬೆಯನ್ನು ಮಾತ್ರ ಸವರಿ ಮರವನ್ನು ಉಳಿಸಿಕೊಳ್ಳಲು ಸಾಧ್ಯವೇ ಎಂಬುದನ್ನು ನಾಗರಿಕರು ಪರಿಶೀಲಿಸುವುದು ಸೂಕ್ತ. ಕ್ರುಂಬಿಗಲ್ ರವರಿಗೆ ಸಲ್ಲಿಸಬಹುದಾದ ನಿಜವಾದ ಗೌರವವೂ ಇದೇ ಆಗಿದೆ.