ಸಂವಿಧಾನದ ಮೊದಲ ಕರಡನ್ನಿತ್ತ ಬೆನಗಲ್ ನರಸಿಂಗ ರಾಯರು

ಭಾರತದ ಸಂವಿಧಾನ ಶಿಲ್ಪಿ ಡಾ. ಅಂಬೇಡ್ಕರ್ ಎಂಬುದು ಸರ್ವವಿದಿತ. ಆದರೆ ಅವರ ಕರಡು ಸಮಿತಿಯ ಪರಿಶೀಲನೆಗೆಂದು 243 ವಿಧಿಗಳ ಮೊದಲ ಕರಡನ್ನು ಸಿದ್ಧಪಡಿಸಿದವರು ದಕ್ಷಿಣ ಕನ್ನಡದ ಸುಪುತ್ರ ಸರ್ ಬೆನಗಲ್ ನರಸಿಂಗ ರಾಯರು ಎಂಬ ಸಂಗತಿ ಹೊಸ ತಲೆಮಾರಿನ ಕನ್ನಡಿಗರಿಗೆ ಅಷ್ಟಾಗಿ ತಿಳಿದಿಲ್ಲ. ಪೊಲೀಸರು ಮನೆಯ ಬಾಗಿಲು ತಟ್ಟಿದಾಗ ಪ್ರಜೆಗೆ ಎಂತಹ ರಕ್ಷಣೆಯಿರಬೇಕು ಎಂಬ ಪ್ರಶ್ನೆಯಲ್ಲಿ ಇವರ ಸಲಹೆಗೆ ಬಹಳ ತೂಕವಿತ್ತು.

1887ರ ಫೆಬ್ರವರಿ 26ರಂದು ವೈದ್ಯರಾದ ಬೆನಗಲ್ ರಾಘವೇಂದ್ರ ರಾಯರ ಮಗನಾಗಿ ಜನಿಸಿದ ನರಸಿಂಗ ರಾಯರು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲೂ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನಲ್ಲೂ ವ್ಯಾಸಂಗ ಮಾಡಿದರು. ಐ.ಸಿ.ಎಸ್. ಸೇರಿ ಬಂಗಾಳ, ಅಸ್ಸಾಮುಗಳಲ್ಲಿ ಸೇವೆ ಸಲ್ಲಿಸಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು. ರಿಸರ್ವ್ ಬ್ಯಾಂಕಿನ ಗವರ್ನರರಾಗಿದ್ದ ರಾಮ ರಾಯರೂ ಪತ್ರಕರ್ತ ಶಿವ ರಾಯರೂ ಇವರ ಸಹೋದರರು.

1946ರಲ್ಲಿ ರಾಯರು ಸಂವಿಧಾನ ಸಭೆಯ ಸಾಂವಿಧಾನಿಕ ಸಲಹೆಗಾರರಾಗಿ ನೇಮಕಗೊಂಡರು. ಸಂಬಳ ಪಡೆಯದೆ ದುಡಿದರು. 1947ರಲ್ಲಿ ಮೂಲಭೂತ ಹಕ್ಕುಗಳ ಉಪಸಮಿತಿಯು, ಸಕಾರಣವಿಲ್ಲದೆ ಪ್ರಜೆಯ ಮನೆ, ಕಾಗದಪತ್ರಗಳ ಝಡತಿ ಹಾಗೂ ಜಪ್ತಿ ಸಲ್ಲದು ಎಂಬ ಅಂಶವನ್ನು ತನ್ನ ಕರಡಿನಲ್ಲಿ ಸೇರಿಸಿತು. ನ್ಯಾಯಾಲಯದ ವಾರಂಟ್ ಇಲ್ಲದೆ ಝಡತಿಯೇ ಕೂಡದೆಂದಾದರೆ, ಅಂದಿನ ದಂಡ ಪ್ರಕ್ರಿಯಾ ಸಂಹಿತೆಯ 165ನೆಯ ಕಲಮು ಪೊಲೀಸರಿಗಿತ್ತ ತನಿಖಾಧಿಕಾರಕ್ಕೆ ಧಕ್ಕೆಯಾದೀತೆಂದು ರಾಯರು ಎಚ್ಚರಿಸಿದರು. ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಅವರಿಗೂ ಆಕ್ಷೇಪವಿತ್ತು. ಆ ಅಂಶ ಕೈಬಿಟ್ಟುಹೋಯಿತು.

ಅದೇ ವರ್ಷ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಇಂಗ್ಲೆಂಡುಗಳಿಗೆ ತೆರಳಿ ಕಾನೂನು ತಜ್ಞರನ್ನು ಕಂಡರು. ಶಾಸನಗಳು ನ್ಯಾಯಯುತವೇ ಎಂದು ಅಳೆಯುವ ಅಧಿಕಾರವನ್ನು ನ್ಯಾಯಾಲಯಗಳಿಗೆ ಕೊಡುವ ‘ಡ್ಯೂ ಪ್ರೋಸೆಸ್’ ತತ್ತ್ವವು ಪ್ರಜಾಪ್ರಭುತ್ವಕ್ಕೆ ಒಗ್ಗದೆಂದು ಅಮೆರಿಕದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅಭಿಪ್ರಾಯಪಟ್ಟರು. ಬಡವರ ಹಿತದ ಸುಧಾರಣಾ ಶಾಸನಗಳು ನ್ಯಾಯಾಲಯದಲ್ಲಿ ಬಿದ್ದುಹೋಗಬಾರದೆಂಬ ಕಾಳಜಿ ರಾಯರಿಗಿತ್ತು. ಕರಡು ಸಮಿತಿಯು ಆ ಪದಗಳನ್ನು ತೆಗೆದು, ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ ಎಂಬರ್ಥದ ಮಾತುಗಳನ್ನಿಟ್ಟಿತು. ಅದುವೇ ಇಂದಿನ 21ನೆಯ ವಿಧಿ.

ಇದರಿಂದ ಸಭೆಯ ಅನೇಕ ಸದಸ್ಯರು ಅಸಮಾಧಾನಗೊಂಡರು. ಝಡತಿಯ ರಕ್ಷಣೆಯನ್ನು ಮರಳಿ ಸೇರಿಸಲು 1948ರ ಡಿಸೆಂಬರಿನಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ತಂದ ತಿದ್ದುಪಡಿಗೆ ಅಂಬೇಡ್ಕರರು ಒಲವು ತೋರಿದರೂ ಅದು ಅಂಗೀಕೃತವಾಗಲಿಲ್ಲ. ಕೊರತೆಯನ್ನು ಕೊಂಚವಾದರೂ ತುಂಬಲೆಂದು 1949ರಲ್ಲಿ ಅಂಬೇಡ್ಕರರೇ ಹೊಸ ವಿಧಿಯೊಂದನ್ನು ಮಂಡಿಸಿದರು. ದಸ್ತಗಿರಿಯಾದವನಿಗೆ ಕಾರಣ ತಿಳಿಸಬೇಕು, ವಕೀಲರ ನೆರವಿರಬೇಕು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುವ 22ನೆಯ ವಿಧಿಯೇ ಅದು. ಆರೋಪಿಯು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲಾತ್ಕರಿಸಕೂಡದೆಂದು 20ನೆಯ ವಿಧಿ ಸಾರಿತು.

ಆ ವೇಳೆಗೆ ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. 1950ರ ಜೂನಿನಲ್ಲಿ ಕೊರಿಯಾ ಯುದ್ಧ ಸ್ಫೋಟಿಸಿದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಅವರೇ. ಅದಕ್ಕೆ ತಿಂಗಳೊಂದರ ಮುಂಚೆ, ಮದರಾಸಿನಲ್ಲಿ ಬಂಧನದಲ್ಲಿದ್ದ ಎ.ಕೆ. ಗೋಪಾಲನ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 21ನೆಯ ವಿಧಿಯನ್ನು ಅಕ್ಷರಶಃ ಓದಿತ್ತು. ಶಾಸನವೊಂದಿದ್ದರೆ ಸಾಕು, ಅದು ನ್ಯಾಯಯುತವೇ ಎಂದು ಕೇಳುವಂತಿರಲಿಲ್ಲ. 1952ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದ ರಾಯರು 1953ರ ನವೆಂಬರ್ 30ರಂದು ಜ್ಯೂರಿಚ್‌ನಲ್ಲಿ ನಿಧನರಾದರು. ಮರುವರ್ಷ ಎಂ.ಪಿ. ಶರ್ಮಾ ಮೊಕದ್ದಮೆಯಲ್ಲಿ, ಝಡತಿಯ ವಿರುದ್ಧ ಅಮೆರಿಕದಂತಹ ಸಾಂವಿಧಾನಿಕ ರಕ್ಷಣೆ ನಮ್ಮಲ್ಲಿಲ್ಲವೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು.

ತುರ್ತು ಪರಿಸ್ಥಿತಿಯ ಕಹಿಯುಂಡ ಬಳಿಕ, 1978ರ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ, ಕಾರ್ಯವಿಧಾನವು ನ್ಯಾಯೋಚಿತವೂ ಸಮಂಜಸವೂ ಆಗಿರಲೇಬೇಕೆಂದು ಅದೇ ಕೋರ್ಟು ನಿರ್ಣಯಿಸಿತು. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿ, ಶರ್ಮಾ ತೀರ್ಪಿನ ವ್ಯತಿರಿಕ್ತ ಭಾಗವನ್ನು ತಳ್ಳಿಹಾಕಿತು. ಈ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ರಾಯರು ಚುನಾಯಿತ ಶಾಸನಸಭೆಯ ವಿವೇಕದಲ್ಲಿ ವಿಶ್ವಾಸವಿಟ್ಟರು. ಆ ವಿಶ್ವಾಸ ಪ್ರಾಮಾಣಿಕವಾದುದು, ಆದರೆ ಅದರ ಬೆಲೆಯನ್ನು ತೆತ್ತವರು ಸೆರೆಮನೆಯಲ್ಲಿದ್ದ ಪ್ರಜೆಗಳು. ಅವರ ಅಪಾರ ವಿದ್ವತ್ತನ್ನು ಗೌರವಿಸುತ್ತಲೇ ಈ ಮಾತನ್ನೂ ನೆನಪಿಡುವುದು ಆ ಸತ್ಯನಿಷ್ಠರಿಗೆ ನಾವು ಸಲ್ಲಿಸಬಹುದಾದ ಯೋಗ್ಯ ಗೌರವ.